ಸವೆದ ಸರಪಳಿಯ ಪರೀಕ್ಷೆ

ಯಂತ್ರಗಳ ವಿಷಯವನ್ನು ಸ್ತ್ರೀಯರು ತಿಳಿಯುವುದರಿಂದ ಪ್ರಯೋಜನವೇನು ಎಂದು ಹಿಂದೆ ಅನೇಕರು ಕೇಳುತ್ತಿದ್ದರು. ಈಗ ಹಾಗೆ ಬಾಯಿಬಿಟ್ಟು ಕೇಳುವವರು ಕಡಿಮೆಯಾಗಿದ್ದಾರೆ, ಆದರೆ ಮೋಟಾರು ಬಂಡಿಯ ಬಾನೆಟ್ಟನ್ನು ತೆರೆದು ನಿಂತ ಹೆಂಗಸನ್ನು ಕಂಡಕೂಡಲೆ "ಯಜಮಾನರು ಎಲ್ಲಿ ಹೋಗಿದ್ದಾರೆ?" ಎಂದು ವಿಚಾರಿಸುವವರು ಇನ್ನೂ ಉಂಟು. ಈ ಶಾಲೆಯಲ್ಲಿ ಓದಿ, ಬಳಿಕ ಬೇರೆ ಊರುಗಳಲ್ಲಿ ಉಪಾಧ್ಯಾಯಿನಿಯರಾಗಿದ್ದು ನಿವೃತ್ತರಾದ ನಾವಿಬ್ಬರು ಅಕ್ಕತಂಗಿಯರು ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದೇವೆ. ಅದಕ್ಕೆ ಉತ್ತರವಾಗಿ ಅಲ್ಲ, ನಮ್ಮ ಕಿರಿಯ ಸೋದರಿಯರಿಗೆ ಉಪಯೋಗವಾದೀತೆಂಬ ಆಶೆಯಿಂದ, ನಮ್ಮ ಮನೆಯ ಹಳೆಯ ಬಂಡಿಯೊಳಗಿನ ಒಂದು ಸರಪಳಿಯ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಈ ಬಂಡಿಯು 1958ನೆಯ ಇಸವಿಯ ಮಾರಿಸ್ ಮೈನರ್. ಅಲೆಕ್ ಇಸಿಗೋನಿಸ್ ಎಂಬ ಯಂತ್ರಶಿಲ್ಪಿಯು ರಚಿಸಿದ ಈ ಜಾತಿಯ ಬಂಡಿಯನ್ನು 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಜನರ ಮುಂದಿಟ್ಟರು. 1956ರಿಂದ ಅದಕ್ಕೆ 948 ಸಿ.ಸಿ. ಗಾತ್ರದ ಎಂಜಿನನ್ನು ಹಾಕಿ 'ಮೈನರ್ 1000' ಎಂದು ಹೆಸರಿಟ್ಟರು. ನಮ್ಮದು ಆ ಬಗೆಯದು. ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಕಾಫಿ ತೋಟದ ದೊರೆಯೊಬ್ಬರಿಂದ ನಮ್ಮ ತಂದೆಯವರು ಅದನ್ನು 1969ರಲ್ಲಿ ಕೊಂಡರು. ಎಣ್ಣೆ ಬದಲಿಸಿದ ದಿನ, ಓಡಿದ ಮೈಲಿ, ಹಾಕಿಸಿದ ಹೊಸ ಭಾಗ ಇವೆಲ್ಲವನ್ನೂ ಅವರು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಂಡಿಯೂ ಪುಸ್ತಕವೂ ನಮ್ಮ ಪಾಲಿಗೆ ಬಂದವು. ಮೂಡಿಗೆರೆಯಿಂದ ತಿಂಗಳಿಗೊಮ್ಮೆ ನಮ್ಮ ವೃದ್ಧ ತಾಯಿಯವರನ್ನು ಚಿಕ್ಕಮಗಳೂರಿಗೆ ವೈದ್ಯರ ಬಳಿ ಕರೆದೊಯ್ಯುವುದು ಅದರಲ್ಲಿಯೇ.

2018ರ ಮಳೆಗಾಲ ಕಳೆದ ಮೇಲೆ ಬಂಡಿಯ ಮುಂಭಾಗದಲ್ಲಿ ಒಂದು ಗಲಗಲ ಶಬ್ದವು ಹುಟ್ಟಿತು. ಎಂಜಿನು ಮೆಲ್ಲನೆ ತಿರುಗುವಾಗಲೂ, ವೇಗವನ್ನು ತಟ್ಟನೆ ಇಳಿಸಿದಾಗಲೂ, ಡಬ್ಬಿಯೊಳಗೆ ಮೊಳೆಗಳನ್ನು ಹಾಕಿ ಅಲ್ಲಾಡಿಸಿದಂತೆ ಅದು ಕೇಳಿಸುವುದು. ವೇಗ ಹೆಚ್ಚಿದರೆ ಅಡಗುವುದು. ಏರುದಾರಿಯಲ್ಲಿ ಎಳೆಯುವ ಶಕ್ತಿಯೂ ಕುಂದಿತು. ಒಂದು ದೊಡ್ಡ ಗ್ಯಾರೇಜಿನವರು ಎರಡು ನಿಮಿಷ ಕಿವಿಗೊಟ್ಟು, "ಎಂಜಿನು ಪೂರ್ತಿ ಸವೆದಿದೆ, ಕೆಳಗಿಳಿಸಿ ಸಿಲಿಂಡರುಗಳನ್ನು ಕೊರೆದು ಹೊಸ ಪಿಸ್ಟನ್ನುಗಳನ್ನು ಹಾಕಬೇಕು" ಎಂದು ತೀರ್ಪು ಕೊಟ್ಟರು. ಅವರು ಹೇಳಿದ ವೆಚ್ಚವು ನಮ್ಮಲ್ಲೊಬ್ಬಳ ಆರು ತಿಂಗಳ ಪಿಂಚಣಿಗೆ ಸಮನಾಗಿತ್ತು. "ಇಷ್ಟು ಹಣ ಏಕೆ ಸುರಿಯುತ್ತೀರಿ ಅಕ್ಕಾ? ಗುಜರಿಗೆ ಕೊಟ್ಟುಬಿಡಿ" ಎಂದನು ನಮ್ಮ ತಮ್ಮ. ತಾಯಿಯವರು ಏನನ್ನೂ ಹೇಳಲಿಲ್ಲ. ಆದರೆ ಆ ಸಾಯಂಕಾಲ ಬಂಡಿಯ ಹಿಂದಿನ ಆಸನದ ಮೇಲೆ ಬಹುಕಾಲದಿಂದ ಮಡಿಸಿಟ್ಟಿದ್ದ ತಂದೆಯವರ ಶಾಲನ್ನು ತಾವೇ ಎತ್ತಿಕೊಂಡು ಬಂದು ಪೆಟ್ಟಿಗೆಯೊಳಗೆ ಇಟ್ಟರು. ಅದನ್ನು ನೋಡಿದ ಮೇಲೆ, ಪರೀಕ್ಷಿಸದೆ ಬಂಡಿಯನ್ನು ಕೈಬಿಡಲಾಗದೆಂದು ನಾವು ನಿಶ್ಚಯಿಸಿದೆವು.

ಇಲ್ಲಿ ಆ ಸರಪಳಿಯ ಕೆಲಸವೇನೆಂಬುದನ್ನು ಹೇಳುವುದು ಅವಶ್ಯಕ. ಎಂಜಿನಿನ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಾಲ್ಕು ಕಾರ್ಯಗಳು ಕ್ರಮವಾಗಿ ನಡೆಯುತ್ತವೆ: ಪೆಟ್ರೋಲು ಬೆರೆತ ಗಾಳಿಯನ್ನು ಹೀರುವುದು, ಅದನ್ನು ಒತ್ತುವುದು, ಕಿಡಿ ತಾಗಿ ಅದು ಉರಿಯುವುದು, ಉರಿದ ಹೊಗೆಯನ್ನು ಹೊರದೂಡುವುದು. ಇವು ನಾಲ್ಕೂ ಮುಗಿಯುವಷ್ಟರಲ್ಲಿ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕು ದಂಡವು ಎರಡು ಸುತ್ತು ತಿರುಗಿರುತ್ತದೆ. ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮು ದಂಡವಾದರೋ ಅಷ್ಟರಲ್ಲಿ ಒಂದೇ ಸುತ್ತು ತಿರುಗಬೇಕು. ಆದಕಾರಣ ಕ್ರ್ಯಾಂಕು ದಂಡದ ಮೂತಿಗೆ ಒಂದು ಚಿಕ್ಕ ಹಲ್ಲುಗಾಲಿಯನ್ನೂ, ಕ್ಯಾಮು ದಂಡದ ಮೂತಿಗೆ ಅದರ ಎರಡರಷ್ಟು ಹಲ್ಲುಗಳುಳ್ಳ ದೊಡ್ಡ ಗಾಲಿಯನ್ನೂ ಇಟ್ಟು, ಎರಡನ್ನೂ ಒಂದು ಸರಪಳಿಯಿಂದ ಬಿಗಿದಿರುತ್ತಾರೆ. ಇದಕ್ಕೆ ಟೈಮಿಂಗ್ ಚೈನು ಎಂದು ಹೆಸರು. ಯಾವ ಕವಾಟವು ಯಾವ ಗಳಿಗೆಯಲ್ಲಿ ತೆರೆಯಬೇಕೆಂಬುದು ಇದರ ಅಧೀನ. ಮಾರಿಸ್ ಮೈನರಿನಲ್ಲಿ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಕ್ಯಾಮು ದಂಡವೇ ಆದುದರಿಂದ, ಕಿಡಿಯ ಸಮಯವೂ ಈ ಸರಪಳಿಯನ್ನೇ ನಂಬಿದೆ.

ಸೈಕಲ್ಲಿನ ಚೈನನ್ನು ನೋಡಿದವರಿಗೆ ಇದರ ರಚನೆಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಎರಡೂ ಒಂದೇ ವಂಶದವು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲಸಿದ ಹ್ಯಾನ್ಸ್ ರೆನೋಲ್ಡ್ ಎಂಬಾತನು 1880ರಲ್ಲಿ ಕಂಡುಹಿಡಿದ ಉರುಳೆಯ ಸರಪಳಿಯೇ ಇವುಗಳ ಮೂಲ. ಪ್ರತಿಯೊಂದು ಕೀಲಿನಲ್ಲಿಯೂ ಒಂದು ಉಕ್ಕಿನ ಕಡ್ಡಿ, ಅದರ ಸುತ್ತ ಒಂದು ಕೊಳವೆ, ಅದರ ಮೇಲೆ ಉರುಳುವ ಒಂದು ಬಳೆ ಇರುತ್ತವೆ.

ಚೈನು ಎಳೆದುಕೊಂಡಿತು ಎಂದು ಜನರು ಹೇಳುವುದುಂಟು. ನಿಜಕ್ಕೂ ಉಕ್ಕಿನ ತಗಡುಗಳು ಎಳೆದುಕೊಂಡು ಉದ್ದವಾಗುವುದಿಲ್ಲ. ಕಡ್ಡಿಯೂ ಕೊಳವೆಯೂ ಒಂದನ್ನೊಂದು ಉಜ್ಜಿ ಸವೆಯುತ್ತವೆ. ನಮ್ಮ ಬಂಡಿಯ ಚೈನಿನಲ್ಲಿ ಸುಮಾರು 50 ಕೊಂಡಿಗಳುಂಟು. ಒಂದೊಂದು ಕೀಲಿನಲ್ಲಿ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು ಸವೆದರೆ ಅದನ್ನು ಯಾವ ಕಣ್ಣೂ ಕಾಣದು, ಯಾವ ಬೆರಳೂ ಅರಿಯದು. ಆದರೆ 50 ಕೀಲುಗಳ ಸವೆತವು ಒಟ್ಟುಗೂಡಿದಾಗ ಸರಪಳಿಯು ಅರ್ಧ ಮಿಲಿಮೀಟರು ಉದ್ದವಾಗಿರುತ್ತದೆ. ಸವೆತವು ಇದರ ಕೆಲವು ಪಟ್ಟಾದಾಗ ಸರಪಳಿಯು ಸಡಿಲಗೊಂಡು, ಮುಂಬದಿಯ ತಗಡಿನ ಮುಚ್ಚಳಕ್ಕೆ ಬಡಿಯತೊಡಗುತ್ತದೆ. ಕವಾಟಗಳು ತೆರೆಯಬೇಕಾದ ಗಳಿಗೆಗಿಂತ ತಡವಾಗಿ ತೆರೆಯುತ್ತವೆ. ಇನ್ನೂ ಅಲಕ್ಷ್ಯ ಮಾಡಿದರೆ ಸರಪಳಿಯು ಒಂದು ಹಲ್ಲನ್ನು ಹಾರಿ ಕುಳಿತುಕೊಳ್ಳಬಹುದು, ಇಲ್ಲವೆ ತುಂಡಾಗಬಹುದು. ಆಗ ಎಂಜಿನು ನಿಂತಲ್ಲಿಯೇ ನಿಲ್ಲುವುದು. ಕೆಲವು ಜಾತಿಯ ಎಂಜಿನುಗಳಲ್ಲಿಯಾದರೋ ತೆರೆದ ಕವಾಟಗಳಿಗೆ ಪಿಸ್ಟನ್ನುಗಳು ಬಡಿದು ಎಲ್ಲವೂ ಹಾಳಾಗುವುದು.

ಆದರೆ ಮುಂಭಾಗದಲ್ಲಿ ಶಬ್ದ ಬಂದ ಮಾತ್ರಕ್ಕೆ ಅದು ಸರಪಳಿಯದೇ ಎಂದು ಹೇಳುವಂತಿಲ್ಲ. ಫ್ಯಾನಿನ ಬೇರಿಂಗು, ಡೈನಮೊ, ಸಡಿಲವಾದ ಪುಲ್ಲಿ, ಮೇಲಿನ ಕವಾಟಗಳ ಟ್ಯಾಪೆಟ್ಟು ಇವೆಲ್ಲವೂ ಶಬ್ದ ಮಾಡಬಲ್ಲವು. ನಮ್ಮ ನೆರೆಯಲ್ಲಿ ಒಬ್ಬ ಮುದುಕ ಮೇಸ್ತ್ರಿಗಳಿದ್ದಾರೆ. ಕಣ್ಣು ಮಂದವಾದುದರಿಂದ ಕೆಲಸ ಬಿಟ್ಟಿದ್ದರೂ ಕಿವಿ ಮಂದವಾಗಿಲ್ಲ. ನಾವು ಕರೆದಾಗ ಅವರು ಕೋಲೂರಿಕೊಂಡು ಬಂದು, "ಮೊದಲು ಒಂದೊಂದೇ ಸಾಕ್ಷಿಯನ್ನು ಕೇಳೋಣ ತಾಯಿ, ಆಮೇಲೆ ತೀರ್ಪು" ಎಂದರು. ಫ್ಯಾನಿನ ಬೆಲ್ಟನ್ನು ಕಳಚಿ ಎಂಜಿನನ್ನು ಅರ್ಧ ನಿಮಿಷ ಮಾತ್ರ ಓಡಿಸಿದೆವು. ಬೆಲ್ಟಿಲ್ಲದಿದ್ದರೆ ನೀರಿನ ಪಂಪು ನಿಲ್ಲುವುದರಿಂದ ಹೆಚ್ಚು ಹೊತ್ತು ಓಡಿಸಬಾರದು. ಶಬ್ದವು ನಿಲ್ಲಲಿಲ್ಲ. ಹೀಗೆ ಡೈನಮೊ, ಫ್ಯಾನು ಎರಡೂ ದೋಷಮುಕ್ತವಾದವು. ಟ್ಯಾಪೆಟ್ಟುಗಳ ಸಂದನ್ನು ತಣ್ಣಗಿರುವಾಗ ಅಳೆದು, ಒಂದು ಅಂಗುಲದ ಸಾವಿರದಲ್ಲಿ 12 ಪಾಲಿಗೆ ಸರಿಪಡಿಸಿದೆವು. ಆಗಲೂ ಶಬ್ದವು ಉಳಿಯಿತು. ಬಳಿಕ ಒಂದು ಉದ್ದವಾದ ಮರದ ಕೋಲಿನ ಒಂದು ತುದಿಯನ್ನು ಸರಪಳಿಯ ಮುಚ್ಚಳಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ ಕೇಳಿದಾಗ ಅಲ್ಲಿಯೇ ಅದು ಅತ್ಯಂತ ಸ್ಪಷ್ಟವಾಗಿತ್ತು.

ಕಿವಿಯ ಸಾಕ್ಷ್ಯವಾಯಿತು, ಇನ್ನು ಅಳತೆಯ ಸಾಕ್ಷ್ಯ ಬೇಕು. ಯಾವುದನ್ನಾದರೂ ಹೇಳುವ ಮೊದಲು ಅಳೆಯಿರಿ ಎಂದು ಈ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ನಮಗೆ ಕಲಿಸಿದ್ದರಷ್ಟೆ. ಈ ಪರೀಕ್ಷೆಗೆ ವಿಶೇಷ ಉಪಕರಣವೇನೂ ಬೇಡ. ಕ್ರ್ಯಾಂಕು ದಂಡದ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು ಇದೆ. ಅದರ ಎದುರಿಗೆ ಮುಚ್ಚಳದ ಮೇಲೆ ಮೂರು ಮುಳ್ಳುಗಳಿವೆ. ಎಲ್ಲಕ್ಕಿಂತ ಉದ್ದವಾದ ಮುಳ್ಳು ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟುವ ಸ್ಥಾನವನ್ನು ತೋರಿಸುತ್ತದೆ. ಉಳಿದೆರಡು ಅದಕ್ಕೆ 5 ಮತ್ತು 10 ಡಿಗ್ರಿ ಮುಂಚಿನ ಸ್ಥಾನಗಳನ್ನು ತೋರಿಸುತ್ತವೆ. ಕಚ್ಚಿಗೆ ಸುಣ್ಣದ ಕಡ್ಡಿಯಿಂದ ಬಿಳಿಯ ಗುರುತು ಹಚ್ಚಿದೆವು. ಸ್ಪಾರ್ಕ್ ಪ್ಲಗ್ಗುಗಳನ್ನೂ ಡಿಸ್ಟ್ರಿಬ್ಯೂಟರಿನ ಟೋಪಿಯನ್ನೂ ತೆಗೆದೆವು. ಸಮತಟ್ಟಾದ ಅಂಗಳದಲ್ಲಿ ಬಂಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ, ಮೊದಲು ಮುಂದಕ್ಕೆ ತಳ್ಳಿ, ಕಚ್ಚು ಉದ್ದದ ಮುಳ್ಳಿಗೆ ಸರಿಯಾಗಿ ಬಂದಾಗ ನಿಲ್ಲಿಸಿದೆವು.

ಈಗ ಬಂಡಿಯನ್ನು ಅತಿ ಮೆಲ್ಲಗೆ ಹಿಂದಕ್ಕೆ ಒತ್ತಬೇಕು. ತಮ್ಮನು ಒತ್ತಿದನು, ಕಿರಿಯಳು ಕೆಳಗೆ ಮಲಗಿ ಕನ್ನಡಿಯಲ್ಲಿ ಕಚ್ಚನ್ನು ನೋಡಿದಳು, ಹಿರಿಯಳು ಡಿಸ್ಟ್ರಿಬ್ಯೂಟರಿನೊಳಗಿನ ರೋಟರನ್ನು ನೋಡಿದಳು. ಸರಪಳಿಯು ಬಿಗಿಯಾಗಿದ್ದರೆ ಕ್ರ್ಯಾಂಕು ಹಿಂದಕ್ಕೆ ತಿರುಗಿದೊಡನೆಯೆ ರೋಟರೂ ಹಿಂದಕ್ಕೆ ತಿರುಗತಕ್ಕದ್ದು. ಸಡಿಲವಾಗಿದ್ದರೆ ಆ ಸಡಿಲವೆಲ್ಲ ಮುಗಿಯುವ ತನಕ ರೋಟರು ಅಲುಗುವುದಿಲ್ಲ. ಸುಮಾರು 5 ಡಿಗ್ರಿಯ ಅಂತರವನ್ನು ಹಳೆಯ ಎಂಜಿನಿನಲ್ಲಿ ಸಹಿಸಬಹುದೆಂದೂ, 10ಕ್ಕೆ ಬಂದರೆ ಸರಪಳಿಯನ್ನು ಬದಲಿಸಬೇಕೆಂದೂ ಕೆಲಸಗಾರರಲ್ಲಿ ರೂಢಿಯುಂಟು. ನಮ್ಮ ಬಂಡಿಯ ಕಚ್ಚು 5ರ ಮುಳ್ಳನ್ನು ದಾಟಿತು. 10ರ ಮುಳ್ಳನ್ನೂ ದಾಟಿತು. ಆಮೇಲೆ ರೋಟರು ಚಲಿಸಿತು. ಡಿಸ್ಟ್ರಿಬ್ಯೂಟರಿನ ಹಲ್ಲುಗಳಲ್ಲಿಯೂ ಅಲ್ಪಸ್ವಲ್ಪ ಸಡಿಲವಿರುವ ಸಂಭವವುಂಟು. ಆದುದರಿಂದ ಮೇಲಿನ ಮುಚ್ಚಳವನ್ನು ತೆಗೆದು, ರೋಟರಿನ ಬದಲು ಕವಾಟವನ್ನು ಒತ್ತುವ ರಾಕರನ್ನೇ ನೋಡುತ್ತ ಇನ್ನೊಮ್ಮೆ ಪರೀಕ್ಷಿಸಿದೆವು. ಎರಡನೆಯ ಸಾಕ್ಷಿಯೂ ಅದನ್ನೇ ನುಡಿಯಿತು. ತಂದೆಯವರ ಪುಸ್ತಕವನ್ನು ತೆರೆದು ನೋಡಲಾಗಿ, ಚೈನು ಹೊಸದು ಎಂಬ ಬರಹವು 1974ರಲ್ಲಿ ಮಾತ್ರ ಇತ್ತು.

ಗ್ಯಾರೇಜಿನವರು ದೂರಿದ ಸಿಲಿಂಡರುಗಳ ಸ್ಥಿತಿಯನ್ನೂ ನೋಡಬೇಕಲ್ಲವೇ? ಮೇಸ್ತ್ರಿಗಳು ತಮ್ಮ ಹಳೆಯ ಪೆಟ್ಟಿಗೆಯಿಂದ ಒತ್ತಡ ಅಳೆಯುವ ಗಡಿಯಾರವನ್ನು ತಂದು, ಪ್ಲಗ್ಗಿನ ರಂಧ್ರಗಳಿಗೆ ಒಂದೊಂದಾಗಿ ಹಿಡಿದರು. ನಾಲ್ಕು ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಿಮೆ ಸಮನಾಗಿತ್ತು. ಬಂಡಿಯು ನೀಲಿ ಹೊಗೆಯನ್ನು ಬಿಡುತ್ತಿರಲಿಲ್ಲ, ಎಣ್ಣೆಯನ್ನು ಹೆಚ್ಚಾಗಿ ಕುಡಿಯುತ್ತಲೂ ಇರಲಿಲ್ಲ. ಸಿಲಿಂಡರುಗಳನ್ನು ಕೊರೆಯಬೇಕೆಂಬುದಕ್ಕೆ ಯಾವ ಕಾರಣವೂ ಕಾಣಲಿಲ್ಲ. ಇನ್ನೊಂದು ಸಂಗತಿಯೂ ಆಗ ಹೊರಬಿತ್ತು. ಹಿಂದೆ ಯಾರೋ ಡಿಸ್ಟ್ರಿಬ್ಯೂಟರನ್ನು ಅದರ ಸ್ಥಾನದಿಂದ ಬಹಳವಾಗಿ ತಿರುಗಿಸಿ ಬಿಗಿದಿದ್ದರು. ಸರಪಳಿಯ ಸಡಿಲದಿಂದ ತಡವಾಗುತ್ತಿದ್ದ ಕಿಡಿಯನ್ನು ಹೀಗೆ ಮುಂದಕ್ಕೆ ತಂದಿದ್ದರು. ಕಿಡಿಯೇನೋ ಸಮಯಕ್ಕೆ ಬಂತು. ಕವಾಟಗಳು ಮಾತ್ರ ತಡವಾಗಿಯೇ ಉಳಿದವು. ದೋಷವು ಒಳಗಿದ್ದಾಗ ಹೊರಗೆ ತಿದ್ದುವುದರಿಂದ ಅದು ಮರೆಯಾಗುವುದೇ ಹೊರತು ಹೋಗುವುದಿಲ್ಲ.

ಹೊಸ ಚೈನು ದೊರಕುವುದು ಕಷ್ಟವಾಗಲಿಲ್ಲ. ಈ ಎಂಜಿನಿನ ವಂಶವು 1951ರಲ್ಲಿ ಹುಟ್ಟಿ, ಪ್ರಸಿದ್ಧವಾದ ಮಿನಿ ಬಂಡಿಯ ಮೂಲಕ 2000ದ ವರೆಗೆ ಬಾಳಿದುದರಿಂದ ಅದರ ಬಿಡಿಭಾಗಗಳು ಇಂದಿಗೂ ತಯಾರಾಗುತ್ತಿವೆ. ಚೈನನ್ನು ಮಾತ್ರ ಬದಲಿಸಿ ಸವೆದ ಹಲ್ಲುಗಾಲಿಗಳನ್ನು ಉಳಿಸಿದರೆ, ಅವು ಹೊಸ ಚೈನನ್ನೂ ಬೇಗ ಸವೆಯಿಸುತ್ತವೆ. ಆದುದರಿಂದ ಎರಡು ಗಾಲಿಗಳನ್ನೂ, ದೊಡ್ಡ ಗಾಲಿಯ ಮೇಲೆ ಕುಳಿತು ಚೈನಿನ ಬಡಿತವನ್ನು ತಡೆಯುವ ರಬ್ಬರಿನ ಬಳೆಗಳನ್ನೂ, ಮುಚ್ಚಳದ ಗ್ಯಾಸ್ಕೆಟ್ಟು ಮತ್ತು ಆಯಿಲ್ ಸೀಲನ್ನೂ ಜೊತೆಯಲ್ಲಿಯೇ ತರಿಸಿದೆವು. ಎಲ್ಲವೂ ಸೇರಿ ಗ್ಯಾರೇಜಿನವರು ಕೇಳಿದ ಮೊತ್ತದ ಒಂದು ಸಣ್ಣ ಪಾಲು ಮಾತ್ರ ಆಯಿತು.

ಕೆಲಸವು ಎರಡು ದಿನ ನಡೆಯಿತು. ಬ್ಯಾಟರಿಯ ತಂತಿಯನ್ನು ಬಿಚ್ಚಿ, ನೀರನ್ನು ಬಸಿದು, ರೇಡಿಯೇಟರನ್ನು ಎತ್ತಿ ಹೊರಗಿಟ್ಟೆವು. ಪುಲ್ಲಿಯ ದೊಡ್ಡ ಬೋಲ್ಟಿಗೆ ಒಂದು ಮಡಿಕೆಯ ವಾಷರು ಬೀಗದಂತಿರುತ್ತದೆ. ಅದರ ಮಡಿಕೆಯನ್ನು ಬಿಡಿಸದೆ ಬೋಲ್ಟನ್ನು ಮುಟ್ಟಬಾರದು. ಮುಚ್ಚಳವು ಹೊರಬಂದಾಗ ಅದರ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಒಂದು ಗೆರೆ ಕಂಡಿತು. ಸರಪಳಿಯು ವರ್ಷಗಟ್ಟಲೆ ಬಡಿದು ಬರೆದ ಗೆರೆ ಅದು. ರಬ್ಬರಿನ ಬಳೆಗಳು ಎಣ್ಣೆಯಲ್ಲಿ ಬೆಂದು ಕಲ್ಲಿನಂತಾಗಿದ್ದವು.

ಹಳೆಯದನ್ನು ಕಳಚುವ ಮೊದಲು ಎಂಜಿನನ್ನು ತಿರುಗಿಸಿ, ಎರಡು ಗಾಲಿಗಳ ಮೇಲಿರುವ ಚುಕ್ಕೆಗಳು ಎದುರುಬದುರಾಗಿ, ದಂಡಗಳ ಕೇಂದ್ರಗಳನ್ನು ಕೂಡಿಸುವ ಒಂದೇ ರೇಖೆಯಲ್ಲಿ ನಿಲ್ಲುವಂತೆ ಮಾಡಬೇಕು. ಆಗ ಕ್ರ್ಯಾಂಕಿನ ಕೀಲು ನೆತ್ತಿಯ ಮೇಲೆಯೂ, ಕ್ಯಾಮಿನ ಕೀಲು ಗಡಿಯಾರದ ಒಂದು ಗಂಟೆಯ ಸ್ಥಾನದಲ್ಲಿಯೂ ಇರುತ್ತವೆ. ಬಳಿಕ ಕ್ಯಾಮಿನ ನಟ್ಟನ್ನು ಬಿಚ್ಚಿ, ಗಾಲಿಗಳೆರಡನ್ನೂ ಚೈನಿನ ಸಮೇತ ಸಮಸಮವಾಗಿ ಮುಂದಕ್ಕೆ ಎಳೆದೆವು. ಚಿಕ್ಕ ಗಾಲಿಯ ಹಿಂದೆ ತೆಳುವಾದ ವಾಷರುಗಳಿದ್ದವು. ಎರಡು ಗಾಲಿಗಳ ಮುಖಗಳೂ ಒಂದೇ ಮಟ್ಟದಲ್ಲಿರುವಂತೆ ಮಾಡುವುದೇ ಅವುಗಳ ಕೆಲಸ. ಹೊಸ ಗಾಲಿಗಳನ್ನಿಟ್ಟು ಉಕ್ಕಿನ ಪಟ್ಟಿಯಿಂದ ಮಟ್ಟ ನೋಡಿ, ಒಂದು ವಾಷರನ್ನು ಹೆಚ್ಚಿಗೆ ಹಾಕಬೇಕಾಯಿತು. ಮಟ್ಟ ತಪ್ಪಿದರೆ ಚೈನು ಓರೆಯಾಗಿ ಓಡಿ ಬೇಗ ಸವೆಯುವುದು. ಹೊಸ ಚೈನನ್ನು ಗಾಲಿಗಳಿಗೆ ಸುತ್ತಿ, ಚುಕ್ಕೆಗಳನ್ನು ಎದುರುಬದುರಾಗಿಟ್ಟು, ಮೂರನ್ನೂ ಕೂಡಿಯೇ ದಂಡಗಳ ಮೇಲೆ ಒತ್ತಿದೆವು. ಮುಚ್ಚಳವನ್ನು ಹಾಕುವ ಮುನ್ನ ಕ್ರ್ಯಾಂಕನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಿದೆವು. ಚುಕ್ಕೆಗಳು ಪುನಃ ಒಂದಕ್ಕೊಂದು ಎದುರಾಗಿ ಬಂದು ನಿಂತವು. "ಇನ್ನು ಮುಚ್ಚಬಹುದು ತಾಯಿ" ಎಂದರು ಮೇಸ್ತ್ರಿಗಳು.

ಎಣ್ಣೆಯನ್ನು ಎರಚುವ ತಟ್ಟೆಯನ್ನು ಅದರ ತಗ್ಗಿನ ಮುಖ ಮುಂದಾಗುವಂತೆ ಇಟ್ಟೆವು. ಮುಚ್ಚಳದ ಬೋಲ್ಟುಗಳನ್ನು ಮೊದಲೇ ಬಿಗಿಯದೆ, ಪುಲ್ಲಿಯನ್ನು ಕೂರಿಸಿ ಸೀಲು ನಡುವಿಗೆ ಬಂದ ಮೇಲೆ ಬಿಗಿದೆವು. ಹಾಗಲ್ಲದಿದ್ದರೆ ಎಣ್ಣೆ ಸೋರುವುದು. ಹಳೆಯ ಎಣ್ಣೆಯನ್ನು ಚೆಲ್ಲಿ ಹೊಸತನ್ನು ತುಂಬಿದೆವು. ಕಡೆಯಲ್ಲಿ ಡಿಸ್ಟ್ರಿಬ್ಯೂಟರನ್ನು ಅದರ ನ್ಯಾಯವಾದ ಸ್ಥಾನಕ್ಕೆ ತಂದು ಕಿಡಿಯ ಸಮಯವನ್ನು ಹೊಸದಾಗಿ ನಿರ್ಣಯಿಸಿದೆವು. ಎಂಜಿನು ಹತ್ತಿದಾಗ ಗಲಗಲ ಶಬ್ದವಿರಲಿಲ್ಲ. ಕಚ್ಚು ಮತ್ತು ಮುಳ್ಳುಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಾಗ, ಕಚ್ಚು 5ರ ಮುಳ್ಳನ್ನು ತಲಪುವ ಮೊದಲೇ ರೋಟರು ಚಲಿಸಿತು. ಹಿಂದೆ ಮೂರನೆಯ ಗೇರಿಗೆ ಇಳಿಸಬೇಕಾಗಿದ್ದ ಏರಿನಲ್ಲಿ ಬಂಡಿಯು ನಾಲ್ಕರಲ್ಲಿಯೇ ನಡೆಯಿತು. ಮುಂದಿನ ತಿಂಗಳು ಚಿಕ್ಕಮಗಳೂರಿಗೆ ಹೊರಟಾಗ ತಾಯಿಯವರು ಶಾಲನ್ನು ಪೆಟ್ಟಿಗೆಯಿಂದ ತೆಗೆದುಕೊಂಡು ಬಂದರು.

ಹೊಸ ಬಂಡಿಗಳುಳ್ಳ ಸೋದರಿಯರು ಇದು ನಮಗೇಕೆಂದು ಭಾವಿಸಬಾರದು. ಈಗಿನ ಬಂಡಿಗಳಲ್ಲಿ ಕೆಲವಕ್ಕೆ ಚೈನೂ, ಕೆಲವಕ್ಕೆ ರಬ್ಬರಿನ ಬೆಲ್ಟೂ ಇರುತ್ತವೆ. ಬೆಲ್ಟನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಬಂಡಿಯ ಕೈಪಿಡಿಯಲ್ಲಿ ಬರೆದಿರುತ್ತಾರೆ, ಅದನ್ನು ಮೀರಬಾರದು. ಚೈನುಳ್ಳ ಎಂಜಿನುಗಳಲ್ಲಿ ಬಹಳವಕ್ಕೆ ಎಣ್ಣೆಯ ಒತ್ತಡದಿಂದಲೇ ಸರಪಳಿಯನ್ನು ಬಿಗಿಹಿಡಿಯುವ ಸಾಧನವುಂಟು. ಎಣ್ಣೆ ಕೊಳೆಯಾದರೆ ಅಥವಾ ಕಡಿಮೆಯಾದರೆ ಮೊದಲು ಕೆಡುವುದು ಅದು. ಮುಂಜಾನೆ ಎಂಜಿನು ಹತ್ತಿದೊಡನೆ ಕೆಲವು ಕ್ಷಣ ಗಲಗಲ ಸದ್ದಾಗಿ ನಿಂತುಹೋದರೆ, ನಿಂತಿತಲ್ಲಾ ಎಂದು ಸುಮ್ಮನಿರದೆ ಪರೀಕ್ಷೆ ಮಾಡಿಸಬೇಕು. ಪರೀಕ್ಷಿಸುವವರು ಏನನ್ನು ಅಳೆದರು, ಎಷ್ಟು ಬಂತು ಎಂದು ಕೇಳಲು ಸಂಕೋಚಪಡಬಾರದು. ಅಳತೆಯನ್ನು ಹೇಳಲಾರದವರು ಕೊಟ್ಟ ತೀರ್ಪಿಗಾಗಿ ಹಣವನ್ನೂ ತೆರಬೇಕಾಗಿಲ್ಲ, ಬಂಡಿಯನ್ನೂ ತೊರೆಯಬೇಕಾಗಿಲ್ಲ.

ನಾವು ಕಳಚಿದ ಹಳೆಯ ಚೈನನ್ನೂ, ಜೊತೆಗೆ ತರಿಸಿದ್ದ ಇನ್ನೊಂದು ಹೊಸ ಚೈನನ್ನೂ ಶಾಲೆಯ ವಿಜ್ಞಾನದ ಕೊಠಡಿಗೆ ಕೊಟ್ಟಿದ್ದೇವೆ. ಎರಡನ್ನೂ ಮೇಜಿನ ಮೇಲೆ ಇಟ್ಟು ನೋಡಿದರೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಆದರೆ ಒಂದೊಂದನ್ನೂ ಅಡ್ಡಮಗ್ಗುಲಾಗಿ ತಿರುಗಿಸಿ, ಎರಡು ತುದಿಗಳನ್ನು ಹಿಡಿದೆತ್ತಿದರೆ, ಹೊಸದು ಬಹುಮಟ್ಟಿಗೆ ನೆಟ್ಟಗೆ ನಿಲ್ಲುವುದು. ಹಳೆಯದು ಬಿಲ್ಲಿನಂತೆ ಬಾಗುವುದು. ಬಾಲಿಕೆಯರು ತಮ್ಮ ಕೈಯಿಂದಲೇ ಎತ್ತಿ ನೋಡಲಿ ಎಂಬುದು ನಮ್ಮ ಅಪೇಕ್ಷೆ.